ಬೆನ್ನು ಬಿದ್ದವನು, ಜೋಡಿ ನಡೆದವರು

ಬೀದರಿನ ಬಸ್ ನಿಲ್ದಾಣದಲ್ಲಿ ಕಾಲು ಗಂಟೆ ನಿಂತರೆ ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ. ಔರಾದ್ ಗಡಿಯ ಮರಾಠಿ, ಹಳೇ ಊರಿನ ದಖ್ಖನಿ ಉರ್ದು, ಜಹೀರಾಬಾದ್ ಕಡೆಯ ತೆಲುಗು, ಇವೆಲ್ಲದರಿಂದ ಚೂರುಚೂರು ಕಡ ತಂದ ನಮ್ಮ ಕನ್ನಡ. ಒಬ್ಬ ಹುಡುಗ ಒಬ್ಬಳನ್ನು ಬಿಡದೆ ಹಿಂಬಾಲಿಸುತ್ತಿದ್ದರೆ ನಾಲ್ಕರಲ್ಲೂ ಅದಕ್ಕೊಂದು ಮಾತಿದೆ. ಮರಾಠಿಯವರು ‘ಪಾಠಲಾಗ್’ ಅನ್ನುತ್ತಾರೆ. ಅಲ್ಲಿ ಪಾಠ ಅಂದರೆ ಬೆನ್ನು. ದಖ್ಖನಿಯಲ್ಲಿ ‘ಪೀಛೆ ಪಡ್ನಾ’, ತೆಲುಗಿನಲ್ಲಿ ‘ವೆಂಟಪಡಟಂ’. ನಮ್ಮದು ‘ಬೆನ್ನ ಬಿದ್ದಾನ’. ಈ ಮಾತು ಕೇಳಿದವರಲ್ಲಿ ಅರ್ಧ ಮಂದಿ ನಗುತ್ತಾರೆ. ‘ಮನಸಾಗ್ಯಾದ ಬಿಡ್ರಿ ಹುಡುಗಗ’ ಎಂದು ಮುಂದಿನ ಮಾತಿಗೆ ಹೋಗುತ್ತಾರೆ. ಮೂರು ಹಾಡಿನ ತನಕ ಬೆನ್ನು ಬಿದ್ದು ನಾಲ್ಕನೆಯ ಹಾಡಿಗೆ ಒಲಿಸಿಕೊಳ್ಳುವ ನಾಯಕರನ್ನು ನಮ್ಮ ಸಿನಿಮಾಗಳು ಧಾರಾಳವಾಗಿ ಕೊಟ್ಟಿವೆಯಲ್ಲ.

ಆ ನಗುವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ಹೆಸರು ಬೇಡ, ಅವಳು ಯಾರೂ ಆಗಿರಬಹುದು. ಔರಾದ್ ತಾಲ್ಲೂಕಿನ ಒಂದು ಹಳ್ಳಿ. ಬೆಳಕು ಹರಿಯುವ ಮೊದಲೇ ಎದ್ದು, ಸಿಕ್ಕ ಬಸ್ಸು ಹಿಡಿದು ಬೀದರಿಗೆ ಬರುತ್ತಾಳೆ. ಅಲ್ಲಿ ಬಸ್ಸು ಬದಲಿಸಿ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಗೆ. ಹಾಲಹಳ್ಳಿ ಬಹುಕಾಲ ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. 2023ರಿಂದ ಅದೇ ಬೀದರ್ ವಿಶ್ವವಿದ್ಯಾಲಯ. ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆ ಬಂದ ಮೇಲೆ ಅವಳಿಗೆ ಟಿಕೆಟಿನ ಚಿಂತೆ ಇಲ್ಲ. ಚಿಂತೆ ಬೇರೆಯದು. ನಿಲ್ದಾಣದ ಕಂಬದ ಹತ್ತಿರ ಒಬ್ಬ ನಿಂತಿರುತ್ತಾನೆ. ಕೆಲವು ದಿನ ಇರುತ್ತಾನೆ, ಕೆಲವು ದಿನ ಇರುವುದಿಲ್ಲ. ನಗರದವರಿಗೆ ಬರೆದ ಸುರಕ್ಷತಾ ಪುಸ್ತಕಗಳು ‘ನಿಮ್ಮ ದಾರಿ ಬದಲಿಸಿ, ಸಮಯ ಬದಲಿಸಿ’ ಎನ್ನುತ್ತವೆ. ಇವಳ ಸಮಯ ಇವಳ ಕೈಯಲ್ಲಿಲ್ಲ, ಸಾರಿಗೆ ಸಂಸ್ಥೆಯ ಕೈಯಲ್ಲಿದೆ. ಆ ವೇಳಾಪಟ್ಟಿ ಗೋಡೆಯ ಮೇಲಿದೆ; ಅವನೂ ಓದಬಲ್ಲ.

ಅವನು ಮಾಡಿದ್ದೇನು ಎಂದು ಕೇಳಿದರೆ ಹೇಳಲು ಕಷ್ಟ. ನಿಂತಿದ್ದ. ನೋಡಿದ. ಒಂದು ದಿನ ಅದೇ ಬಸ್ಸು ಹತ್ತಿದ. ಗೊತ್ತಿಲ್ಲದ ನಂಬರಿನಿಂದ ‘ಊಟ ಆಯ್ತಾ’ ಎಂಬ ಸಂದೇಶ ಬಂತು. ಇದರಲ್ಲಿ ಯಾವುದೊಂದೂ ಅಪರಾಧದಂತೆ ಕಾಣುವುದಿಲ್ಲ. ಇಲ್ಲಿ ನನಗೆ ಬೀದರಿನದೇ ಒಂದು ಕುಸುರಿ ನೆನಪಾಗುತ್ತದೆ. ಬಿದ್ರಿ ಕೆಲಸದವರು ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಗೀರು ಕೊರೆದು ಬೆಳ್ಳಿಯ ತಂತಿ ಕೂರಿಸುತ್ತಾರೆ, ಆಮೇಲೆ ಉಜ್ಜಿ ನಯ ಮಾಡುತ್ತಾರೆ. ಆ ಹಂತದಲ್ಲಿ ಹೂಜಿಯನ್ನು ಕೈಗೆ ಕೊಟ್ಟರೆ ನಿಮಗೆ ಚಿತ್ತಾರ ಸರಿಯಾಗಿ ಕಾಣುವುದೇ ಇಲ್ಲ. ಬೆಳ್ಳಿಯೂ ಬಿಳಿ, ಲೋಹವೂ ಬಿಳಿ. ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ, ಆಗ ಇಡೀ ಬಳ್ಳಿ ಎದ್ದು ಕಾಣುತ್ತದೆ. ಹಿಂಬಾಲಿಕೆಯೂ ಹೀಗೇ. ಒಂದೊಂದು ಗೀರು ಬರೀ ಗೀರು. ತಾರೀಕು, ಹೊತ್ತು, ಜಾಗ ಎಲ್ಲವನ್ನೂ ಒಟ್ಟಿಗಿಟ್ಟಾಗ ಮಾತ್ರ ಚಿತ್ತಾರ. ಕಾನೂನು ಕೂಡ ಈ ‘ಪದೇ ಪದೇ’ ಎಂಬುದನ್ನೇ ಹಿಡಿದಿದೆ. ದೆಹಲಿಯ 2012ರ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ, ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿಯ ಬೆನ್ನಿಗೆ, 2013ರಲ್ಲಿ ಹಿಂಬಾಲಿಕೆ ಮೊದಲ ಬಾರಿಗೆ ನಮ್ಮಲ್ಲಿ ಪ್ರತ್ಯೇಕ ಅಪರಾಧವಾಯಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು. ಹೆಣ್ಣು ಒಲ್ಲೆನೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಪದೇ ಪದೇ ಹಿಂಬಾಲಿಸಿ ಸಂಪರ್ಕಿಸುವುದು, ಅವಳ ಇಂಟರ್ನೆಟ್ಟು, ಇಮೇಲು, ಫೋನಿನ ವ್ಯವಹಾರದ ಮೇಲೆ ಕಣ್ಣಿಡುವುದು, ಎರಡೂ ಅದರೊಳಗೆ ಬರುತ್ತವೆ.

ಇನ್ನು ಆ ಹುಡುಗಿಯ ದೇಹದೊಳಗೆ ಹೋಗೋಣ. 1970ರ ಸುಮಾರಿಗೆ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೇ ವೈಸ್ ಎಂಬ ಮನೋವಿಜ್ಞಾನಿ ಇಲಿಗಳ ಮೇಲೆ ಕೆಲವು ಪ್ರಯೋಗ ಮಾಡಿದರು. ಇಂದಿನ ಕಣ್ಣಿಗೆ ಕ್ರೂರವೆನಿಸುವ ಪ್ರಯೋಗ, ಆದರೆ ಅದರ ಫಲಿತಾಂಶ ಮರೆಯುವಂಥದ್ದಲ್ಲ. ಎರಡು ಇಲಿಗಳಿಗೆ ಒಂದೇ ತಂತಿಯಿಂದ ಒಂದೇ ಪ್ರಮಾಣದ ವಿದ್ಯುತ್ ಆಘಾತ. ಒಂದಕ್ಕೆ ಆಘಾತಕ್ಕೆ ಮುಂಚೆ ಸದ್ದು ಕೇಳಿಸುತ್ತಿತ್ತು, ಇನ್ನೊಂದಕ್ಕೆ ಆಘಾತ ಯಾವಾಗ ಬರುತ್ತದೆಂದು ತಿಳಿಯುವ ದಾರಿಯೇ ಇರಲಿಲ್ಲ. ಆಘಾತ ಸಮಸಮ, ಹೊಟ್ಟೆಯ ಹುಣ್ಣು ಮಾತ್ರ ಎರಡನೆಯದಕ್ಕೆ ಬಹಳ ಹೆಚ್ಚು. ಕಾರಣವನ್ನು ಇನ್ನೊಬ್ಬ ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್‌ಮನ್ ಹೀಗೆ ವಿವರಿಸಿದ್ದರು: ಸದ್ದು ಕೇಳುವ ಇಲಿಗೆ ಅಪಾಯದ ಸೂಚನೆಯ ಜೊತೆಗೆ ಇನ್ನೊಂದು ದೊಡ್ಡ ಲಾಭವಿದೆ. ಸದ್ದು ಇಲ್ಲದಿರುವಷ್ಟು ಹೊತ್ತೂ ಅದು ನೆಮ್ಮದಿಯಾಗಿ ಇರಬಹುದು. ಇನ್ನೊಂದು ಇಲಿಗೆ ನೆಮ್ಮದಿಯ ಹೊತ್ತೇ ಇಲ್ಲ.

ಕಂಬದ ಹತ್ತಿರ ‘ಕೆಲವು ದಿನ ಇರುತ್ತಾನೆ, ಕೆಲವು ದಿನ ಇರುವುದಿಲ್ಲ’ ಎಂದೆನಲ್ಲ, ಆ ಎರಡನೆಯ ಭಾಗವೇ ಹೆಚ್ಚು ಕಾಡುವುದು. ದಿನಾ ಇದ್ದಿದ್ದರೆ ದೇಹ ಹೇಗೋ ಲೆಕ್ಕ ಹಾಕಿಕೊಳ್ಳುತ್ತಿತ್ತು. ಇಲ್ಲದ ದಿನವೂ ಹುಡುಗಿ ಹುಡುಕುತ್ತಾಳೆ. ಫೋನು ಗುಂಯ್ ಎಂದರೆ ಎದೆ ಹಾರುತ್ತದೆ, ಅಮ್ಮನ ಕರೆಯಾದರೂ. ಮಿದುಳಿನ ಭಯದ ಕೇಂದ್ರ ಸದಾ ಎಚ್ಚರ, ಕಾರ್ಟಿಸಾಲ್ ಇಳಿಯಬೇಕಾದ ಹೊತ್ತಿಗೆ ಇಳಿಯುವುದಿಲ್ಲ, ನಿದ್ದೆ ಹರಿದುಹೋಗುತ್ತದೆ, ನಿದ್ದೆಯಿಲ್ಲದ ತಲೆಯಲ್ಲಿ ಪಾಠ ನಿಲ್ಲುವುದಿಲ್ಲ. ಹಾಜರಾತಿ ಬಿದ್ದು ಆಂತರಿಕ ಅಂಕ ಕಡಿಮೆಯಾದಾಗ ಮೇಷ್ಟ್ರು ‘ಲಕ್ಷ್ಯ ಇಲ್ಲ’ ಎಂದು ಬರೆಯುತ್ತಾರೆ. ಲಕ್ಷ್ಯವೆಲ್ಲ ಬಾಗಿಲ ಕಡೆ ಇದೆ.

ಬೆನ್ನು ಬಿದ್ದವನು ಅಪರಿಚಿತನೇ ಆಗಬೇಕಿಲ್ಲ. ಮೆಲ್ಬರ್ನಿನಲ್ಲಿ ಮನೋವೈದ್ಯ ಪಾಲ್ ಮಲ್ಲನ್ ಮತ್ತು ಸಂಗಡಿಗರು 145 ಹಿಂಬಾಲಕರನ್ನು ಅಧ್ಯಯನ ಮಾಡಿ 1999ರಲ್ಲಿ ಅವರನ್ನು ಐದು ಬಗೆಯಾಗಿ ವಿಂಗಡಿಸಿದರು. ತಿರಸ್ಕೃತರು, ಸಖ್ಯಕ್ಕೆ ಹಂಬಲಿಸುವವರು, ನಡವಳಿಕೆ ತಿಳಿಯದವರು, ಹಗೆ ಸಾಧಿಸುವವರು, ಹೊಂಚು ಹಾಕುವವರು. ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮೊದಲ ಗುಂಪು: ಒಂದು ಸಂಬಂಧ ಮುರಿದುದನ್ನು ಒಪ್ಪದವರು. ಅಂದರೆ ನಿನ್ನೆಯ ಗೆಳೆಯ, ಬಿಟ್ಟುಬಂದ ಗಂಡ, ಲ್ಯಾಬಿನಲ್ಲಿ ಪಕ್ಕದ ಮೇಜಿನವನು. ನಮ್ಮ ಸ್ನಾತಕೋತ್ತರ ಮತ್ತು ಬಿ.ಇಡಿ. ತರಗತಿಗಳಲ್ಲಿ ಮದುವೆಯಾದ ವಿದ್ಯಾರ್ಥಿನಿಯರೂ ಇದ್ದಾರೆ ಎಂಬುದನ್ನು ಮರೆಯಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರ ಪೈಕಿ ಶೇ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಇಡೀ ದೇಶದಲ್ಲಿ ಅಷ್ಟು ದೊಡ್ಡ ಸಂಖ್ಯೆ ಬೇರೆ ರಾಜ್ಯದ್ದಿಲ್ಲ. ಹಿಂಸೆಗೆ ಒಳಗಾದವರಲ್ಲಿ ನೆರವು ಕೇಳಿದವರು ದೇಶದ ಲೆಕ್ಕದಲ್ಲಿ ಕೇವಲ ಶೇ 14. ಇದು ಮದುವೆಯಾದವರ ಮಾತು. ಮದುವೆಯಾಗದ ಜೋಡಿಗಳ ನಡುವಿನ ಹೊಡೆತ, ಬೆದರಿಕೆ ಈ ಶೇ 44ರಲ್ಲಿ ಸೇರಿಯೇ ಇಲ್ಲ. ಮನೆಗೆ ಗೊತ್ತಿಲ್ಲದ ಪ್ರೀತಿಯ ಪೆಟ್ಟು ಯಾವ ಮನೆಯ ಸಮೀಕ್ಷೆಗೆ ಸಿಗಬೇಕು?

‘ಮತ್ತ ಯಾಕ ಬಿಡ್ಲಿಲ್ಲ ಆಕಿ?’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಇದಕ್ಕೆ ಪಾರಿವಾಳಗಳಲ್ಲಿ ಒಂದು ಉತ್ತರವಿದೆ. ಗುಂಡಿ ಕುಕ್ಕಿದಾಗಲೆಲ್ಲ ಕಾಳು ಬಿದ್ದರೆ, ಕಾಳು ನಿಂತ ಸ್ವಲ್ಪ ಹೊತ್ತಿಗೆ ಪಾರಿವಾಳ ಕುಕ್ಕುವುದನ್ನು ಬಿಡುತ್ತದೆ. ಒಮ್ಮೆ ಬಿದ್ದು ಹತ್ತು ಸಲ ಬೀಳದೆ ಮತ್ತೊಮ್ಮೆ ಬಿದ್ದರೆ, ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಈ ನಿಯಮವನ್ನು 1950ರ ದಶಕದಲ್ಲೇ ವಿವರವಾಗಿ ತೋರಿಸಿದ್ದರು. 1981ರಲ್ಲಿ ಡೊನಾಲ್ಡ್ ಡಟನ್ ಮತ್ತು ಸೂಸನ್ ಪೇಂಟರ್ ಎಂಬ ಕೆನಡಾದ ಸಂಶೋಧಕರು ಹಿಂಸೆಯ ಸಂಬಂಧಗಳಿಗೆ ಇದನ್ನು ಅನ್ವಯಿಸಿದರು. ಹೊಡೆದವನು ಮರುದಿನ ಅಳುತ್ತಾನೆ, ಕಾಲು ಹಿಡಿಯುತ್ತಾನೆ, ಮೊದಲ ದಿನಗಳ ಮನುಷ್ಯನಾಗುತ್ತಾನೆ. ಅಪರೂಪಕ್ಕೆ, ಹೇಳದೆ ಕೇಳದೆ ಬರುವ ಆ ಅಕ್ಕರೆಯೇ ಗಟ್ಟಿ ಹಗ್ಗ. ಇದರಲ್ಲಿ ಅವಳ ಬುದ್ಧಿಯ ಕೊರತೆ ಏನೂ ಇಲ್ಲ. ಅದೇ ನಿಯಮ ಬೆನ್ನು ಬಿದ್ದವನಿಗೂ ಅನ್ವಯಿಸುತ್ತದೆ. ಇಪ್ಪತ್ತೊಂಬತ್ತು ಕರೆಗೆ ಸುಮ್ಮನಿದ್ದು ಮೂವತ್ತನೆಯದಕ್ಕೆ ‘ದಯವಿಟ್ಟು ಬಿಟ್ಟುಬಿಡು’ ಎಂದರೆ ಅವನು ಕಲಿಯುವುದು ಒಂದೇ: ಒಂದು ಉತ್ತರದ ಬೆಲೆ ಮೂವತ್ತು ಕರೆ. ಹಾಗಾಗಿ ಬೇಡ ಎಂಬುದನ್ನು ಒಮ್ಮೆ, ಸ್ಪಷ್ಟವಾಗಿ, ಸಾಧ್ಯವಾದರೆ ಬರವಣಿಗೆಯಲ್ಲಿ ಹೇಳುವುದು. ಆಮೇಲೆ ಬೈಗುಳಕ್ಕೂ ಉತ್ತರಿಸದಿರುವುದು.

ಉತ್ತರ ನಿಂತಾಗ ಪಾರಿವಾಳ ಮೊದಲು ಜೋರಾಗಿ ಕುಕ್ಕುತ್ತದೆ, ಆಮೇಲೆ ಬಿಡುತ್ತದೆ. ಮನುಷ್ಯರಲ್ಲಿ ಈ ಜೋರಿನ ಹಂತ ಜೀವಕ್ಕೆ ಅಪಾಯವಾಗಬಹುದು. ಅಮೆರಿಕದಲ್ಲಿ ಸಂಗಾತಿಯಿಂದ ಅಥವಾ ಹಿಂದಿನ ಸಂಗಾತಿಯಿಂದ ಕೊಲೆಯಾದ ಮಹಿಳೆಯರ ಪ್ರಕರಣಗಳನ್ನು ಜುಡಿತ್ ಮ್ಯಾಕ್‌ಫಾರ್ಲೇನ್, ಜಾಕ್ಲೀನ್ ಕ್ಯಾಂಪ್‌ಬೆಲ್ ಮತ್ತಿತರರು ಪರಿಶೀಲಿಸಿದಾಗ, ಅವರಲ್ಲಿ ಶೇ 76 ಮಂದಿಯನ್ನು ಕೊಲೆಗೆ ಮುಂಚಿನ ಒಂದು ವರ್ಷದಲ್ಲಿ ಆತ ಹಿಂಬಾಲಿಸಿದ್ದ. ಕತ್ತು ಹಿಚುಕಿದ ಪೂರ್ವಚರಿತ್ರೆ ಇದ್ದರೆ ಮುಂದೆ ಕೊಲೆಯಾಗುವ ಸಂಭವ ಏಳು ಪಟ್ಟಿಗಿಂತ ಹೆಚ್ಚು ಎಂದು 2008ರ ಇನ್ನೊಂದು ಅಧ್ಯಯನ ತೋರಿಸಿತು. ಕ್ಯಾಂಪ್‌ಬೆಲ್ ಅವರು ದಾದಿಯರ ಕೈಗೊಂದು ಪ್ರಶ್ನಾವಳಿ ಕೊಟ್ಟಿದ್ದರು. ಕತ್ತು ಹಿಚುಕಿದ್ದಾನೆಯೇ, ಕೊಲ್ಲುತ್ತೇನೆ ಎಂದಿದ್ದಾನೆಯೇ, ಆಯುಧವಿದೆಯೇ, ಈಚೆಗೆ ಬಿಟ್ಟುಬಂದಿದ್ದೀಯಾ, ತಾನೂ ಸಾಯುತ್ತೇನೆ ಎನ್ನುತ್ತಾನೆಯೇ. ಹಾಸ್ಟೆಲ್ ವಾರ್ಡನ್ ಒಬ್ಬರಿಗೆ ಬೇರೇನೂ ನೆನಪಿರದಿದ್ದರೂ ಈ ಐದು ಪ್ರಶ್ನೆ ಬಾಯಿಪಾಠವಾಗಿರಲಿ.

ಇದು ಅಮೆರಿಕದ ಮಾತಷ್ಟೇ ಅಲ್ಲ. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಹಗಲಲ್ಲೇ ಇರಿತಕ್ಕೆ ಬಲಿಯಾದಳು. ಆರೋಪಿ ಅವಳ ಹಿಂದಿನ ಸಹಪಾಠಿ. ಒಂದು ತಿಂಗಳೊಳಗೆ ಅದೇ ಊರಲ್ಲಿ ಇನ್ನೊಬ್ಬ ಯುವತಿ ನಸುಕಿನಲ್ಲಿ ಮನೆಯೊಳಗೇ ಕೊಲೆಯಾದಳು. ಬೆದರಿಕೆಯ ವಿಷಯ ಮೊದಲೇ ಪೊಲೀಸರಿಗೆ ಹೇಳಿದ್ದೆವು, ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಮನೆಯವರು ದೂರಿದರು. ಕರ್ತವ್ಯಲೋಪದ ಆರೋಪದ ಮೇಲೆ ಪೊಲೀಸರ ಅಮಾನತೂ ಆಯಿತು. ಆ ವಾರಗಳ ಟಿ.ವಿ. ಚರ್ಚೆ ಧರ್ಮ, ಜಾತಿ, ಚುನಾವಣೆ ಎಲ್ಲವನ್ನೂ ಸುತ್ತಿತು. ಬೆನ್ನು ಬೀಳುವುದು ಒಂದು ಎಚ್ಚರಿಕೆಯ ಗಂಟೆ ಎಂಬ ಸರಳ ಸಂಗತಿಗೆ ಮಾತ್ರ ಅಲ್ಲಿ ಹೊತ್ತು ಸಿಗಲಿಲ್ಲ.

ಈಗ ನಮ್ಮ ಹುಡುಗಿ ಯಾರಿಗೋ ಹೇಳುತ್ತಾಳೆ ಎಂದುಕೊಳ್ಳಿ. ಗೆಳತಿಗೆ, ಅಥವಾ ಒಬ್ಬ ಮೇಡಂಗೆ. ಅವಳ ಮೊದಲ ವಾಕ್ಯ ಬಹುಮಟ್ಟಿಗೆ ‘ಮನಿಗಿ ಹೇಳಬ್ಯಾಡ್ರಿ’ ಎಂದೇ ಇರುತ್ತದೆ. ಎರಡನೆಯದು ‘ಕಾಲೇಜ್ ಬಿಡಸ್ತಾರ’. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇಲ್ಲಿದೆ. ಬೆನ್ನು ಬಿದ್ದವನು ಅವಳ ಲೋಕವನ್ನು ಕಿರಿದು ಮಾಡುತ್ತಿದ್ದಾನೆ: ಈ ದಾರಿ ಬೇಡ, ಆ ಬಸ್ಸು ಬೇಡ, ಗ್ರಂಥಾಲಯದಲ್ಲಿ ಸಂಜೆ ಬೇಡ. ಮನೆಯವರ ಮದ್ದು ಅವನ ಕೆಲಸವನ್ನೇ ಪೂರ್ತಿ ಮಾಡುತ್ತದೆ: ಓದೇ ಬೇಡ, ಗಂಡು ನೋಡೋಣ. ಅವನಿಗೆ ಆಗಬೇಕಿದ್ದ ಶಿಕ್ಷೆ ಅವಳಿಗೆ. ಇದನ್ನು ಬಲ್ಲ ಹುಡುಗಿ ಬಾಯಿ ಮುಚ್ಚಿಕೊಂಡರೆ ಅದು ಭಯವೂ ಹೌದು, ಲೆಕ್ಕಾಚಾರವೂ ಹೌದು.

ಆ ಮೊದಲ ಕೇಳುಗರ ಮಾತಿಗೆ ಎಷ್ಟು ತೂಕವೆಂದು ವಿಜ್ಞಾನ ಅಳೆದಿದೆ. ಆಘಾತದ ನಂತರ ಯಾರಿಗೆ ದೀರ್ಘಕಾಲದ ಮಾನಸಿಕ ತೊಂದರೆ ಉಳಿಯುತ್ತದೆ ಎಂಬ ಅಧ್ಯಯನಗಳನ್ನು ಕ್ರಿಸ್ ಬ್ರೂವಿನ್ ಮತ್ತು ಸಂಗಡಿಗರು 2000ದಲ್ಲಿ ಒಟ್ಟುಗೂಡಿಸಿದಾಗ, ಆಮೇಲೆ ಆಸರೆ ಸಿಗದಿರುವುದು ಅತಿ ಪ್ರಬಲ ಕಾರಣಗಳಲ್ಲಿ ಒಂದೆಂದು ಕಂಡಿತು. ‘ನೀ ನಕ್ಕಿರಬೇಕು’, ‘ನಂಬರ್ ಯಾಕ ಕೊಟ್ಟಿ’ ಎಂಬ ಮಾತುಗಳು ಬರೀ ಒರಟುತನವಲ್ಲ, ಅವು ಗಾಯವನ್ನು ಆಳ ಮಾಡುತ್ತವೆ. ಕಾಲೇಜೇ ದೂರನ್ನು ಮುಚ್ಚಿಹಾಕಿದರೆ ಇನ್ನೂ ಕೆಟ್ಟದ್ದು. 2013ರಲ್ಲಿ ಕಾರ್ಲಿ ಸ್ಮಿತ್ ಮತ್ತು ಜೆನಿಫರ್ ಫ್ರೇಡ್ ಇದನ್ನು ‘ಸಂಸ್ಥೆಯ ದ್ರೋಹ’ ಎಂದು ಕರೆದು, ಅಂಥ ವಿದ್ಯಾರ್ಥಿನಿಯರಲ್ಲಿ ಆತಂಕದ ಲಕ್ಷಣಗಳು ಹೆಚ್ಚಿರುವುದನ್ನು ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯ ಕಾರ್ಯಕರ್ತರಿಗೆ ಕಲಿಸುವ ಮೊದಲ ನೆರವಿನಲ್ಲಿ ಉಪದೇಶಕ್ಕೆ ಜಾಗವಿಲ್ಲ. ಕೇಳಿಸಿಕೊಳ್ಳಿ, ಏನು ಬೇಕೆಂದು ವಿಚಾರಿಸಿ, ನಂಬಿದ್ದೇನೆಂದು ತಿಳಿಸಿ, ಸುರಕ್ಷತೆ ನೋಡಿ, ಮುಂದಿನ ಆಸರೆಗೆ ಜೋಡಿಸಿ, ಅಷ್ಟೇ.

‘ಏನು ಬೇಕೆಂದು ವಿಚಾರಿಸಿ’ ಎಂಬುದು ಚಿಕ್ಕ ಮಾತಲ್ಲ. 1967ರಲ್ಲಿ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ತಪ್ಪಿಸಿಕೊಳ್ಳಲಾಗದ ಆಘಾತ ಉಂಡ ನಾಯಿಗಳು ಆಮೇಲೆ ದಾರಿ ತೆರೆದಿದ್ದರೂ ಓಡದೆ ಮಲಗುವುದನ್ನು ಕಂಡು ‘ಕಲಿತ ಅಸಹಾಯಕತೆ’ ಎಂದಿದ್ದರು. ಐವತ್ತು ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರೂ ತಮ್ಮ ಸಿದ್ಧಾಂತವನ್ನು ತಲೆಕೆಳಗು ಮಾಡಿದರು. ದೀರ್ಘ ಸಂಕಟದಲ್ಲಿ ಕುಗ್ಗುವುದು ಮಿದುಳಿನ ಸಹಜ ಸ್ಥಿತಿ, ಅದನ್ನು ಯಾರೂ ಕಲಿಯುವುದಿಲ್ಲ. ಕಲಿಯುವುದೇನಿದ್ದರೂ ‘ನನ್ನ ಕೈಯಲ್ಲಿ ಸಾಗುತ್ತದೆ’ ಎಂಬುದನ್ನು, ಮಿದುಳಿನ ಮುಂಭಾಗದ ನೆರವಿನಿಂದ. ಅವಳಿಗೆ ಹೇಳದೆ ಅಣ್ಣನಿಗೆ ಫೋನು ಮಾಡುವ, ಅವಳನ್ನು ಕೇಳದೆ ಆ ಹುಡುಗನನ್ನು ಕರೆಸಿ ಬೈಯುವ ಸದುದ್ದೇಶದ ಪ್ರಾಂಶುಪಾಲರು ಉಳಿದಿದ್ದ ಒಂದೆರಡು ಆಯ್ಕೆಯನ್ನೂ ಕಿತ್ತುಕೊಳ್ಳುತ್ತಾರೆ. ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುವವರಂತೂ ಅವನಿಗೆ ಬೇಕಾಗಿದ್ದ ಭೇಟಿಯನ್ನೇ ಏರ್ಪಡಿಸಿಕೊಟ್ಟಂತೆ.

ಹಾಗಾದರೆ ಕಾಲೇಜು ಏನು ಮಾಡಬಹುದು? ಯುಜಿಸಿಯ 2015ರ ನಿಯಮಗಳನ್ನು ಓದಿದರೆ ಸಾಕಷ್ಟು ಮಾಡಬಹುದು. ಆಂತರಿಕ ದೂರು ಸಮಿತಿ ಕಡ್ಡಾಯ. ವಿದ್ಯಾರ್ಥಿಗಳ ಪ್ರಕರಣದಲ್ಲಿ ಮೂವರು ವಿದ್ಯಾರ್ಥಿ ಪ್ರತಿನಿಧಿಗಳೂ ಅದರಲ್ಲಿರಬೇಕು. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ದೂರು, ಕಾರಣವಿದ್ದರೆ ಇನ್ನೂ ಮೂರು ತಿಂಗಳು. ಹೊರಗಿನವನು ಕಿರುಕುಳ ಕೊಟ್ಟರೂ ಸಂಸ್ಥೆ ನೆರವಿಗೆ ನಿಲ್ಲಬೇಕು, ಪೊಲೀಸ್ ದೂರಿಗೆ ಅವಳು ಮನಸ್ಸು ಮಾಡಿದರೆ ಸಹಾಯ ಮಾಡಬೇಕು. ವಿಚಾರಣೆ ಮುಗಿಯುವ ಮೊದಲೇ ಆರೋಪಿಗೆ ಅಂತರ ಕಾಯಲು ಆದೇಶಿಸಬಹುದು, ಅವನನ್ನೋ ಅವಳನ್ನೋ ಬೇರೆ ವಿಭಾಗಕ್ಕೆ ಬದಲಿಸಬಹುದು, ಅವಳಿಗೆ ಮೂರು ತಿಂಗಳ ತನಕ ರಜೆ ಕೊಡಬಹುದು. ಗಂಡು ಮತ್ತು ತೃತೀಯ ಲಿಂಗದ ವಿದ್ಯಾರ್ಥಿಗಳೂ ಈ ನಿಯಮಗಳ ಗಮನದಲ್ಲಿದ್ದಾರೆ. ಜಾಗ ಬದಲಿಸುವ ಮಾತು ಬಂದಾಗ ಮೊದಲು ಅವನನ್ನು ಬದಲಿಸಿ. ರಜೆ ಕೊಟ್ಟರೆ ನೋಟ್ಸೂ ಕೊಡಿ, ಹಾಜರಾತಿಯನ್ನೂ ಕಾಯಿರಿ. ಅವಳ ಓದು ಉಳಿಯುವುದೇ ಇಲ್ಲಿ ಚಿಕಿತ್ಸೆ.

ಆಪ್ತ ಸಮಾಲೋಚಕರು ಗುಟ್ಟು ಕಾಯಬೇಕು, ಆದರೆ ಎಲ್ಲಿಯ ತನಕ? 1969ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಓದುತ್ತಿದ್ದ ಒಬ್ಬ ಭಾರತೀಯ ವಿದ್ಯಾರ್ಥಿ, ತನ್ನನ್ನು ಒಲ್ಲದ ಯುವತಿಯನ್ನು ಕೊಲ್ಲುವುದಾಗಿ ವಿಶ್ವವಿದ್ಯಾಲಯದ ಮನೋವಿಜ್ಞಾನಿಯ ಮುಂದೆಯೇ ಹೇಳಿದ್ದ. ಕ್ಯಾಂಪಸ್ ಪೊಲೀಸರಿಗೆ ತಿಳಿಸಲಾಯಿತು, ಅವರು ಅವನನ್ನು ಹಿಡಿದು ಬಿಟ್ಟರು. ಅವಳಿಗೆ ಮಾತ್ರ ಯಾರೂ ಹೇಳಲಿಲ್ಲ. ಅವಳನ್ನು ಅವನು ಕೊಂದ. ಆ ಪ್ರಕರಣದಲ್ಲಿ ಬಂದ 1976ರ ತಾರಸಾಫ್ ತೀರ್ಪು ಅಪಾಯದಲ್ಲಿರುವವರನ್ನು ರಕ್ಷಿಸುವ ಹೊಣೆ ಚಿಕಿತ್ಸಕರಿಗಿದೆ ಎಂದಿತು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಮು ಕೂಡ ಇನ್ನೊಬ್ಬರನ್ನು ಹಾನಿಯಿಂದ ಕಾಪಾಡಲು ಗುಟ್ಟು ಬಿಟ್ಟುಕೊಡಬಹುದು ಎನ್ನುತ್ತದೆ.

ದಾಖಲೆ ಇಡುವ ಸಲಹೆಯೂ ನಮ್ಮ ಕಡೆ ಸ್ವಲ್ಪ ತಿದ್ದುಪಡಿ ಬೇಡುತ್ತದೆ. ‘ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ’ ಎನ್ನುವುದು ಸುಲಭ. ಹಳ್ಳಿಯಲ್ಲಿ ಆ ಫೋನು ರಾತ್ರಿ ತಮ್ಮನ ಕೈಗೆ ಹೋಗುತ್ತದೆ. ಗೆಳತಿಯ ಫೋನಿಗೋ ನಂಬಿಕೆಯ ಮೇಡಂ ಅವರ ಇಮೇಲಿಗೋ ಕಳಿಸಿಡಬಹುದು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತಾರೀಕು, ಹೊತ್ತು, ನಿಲ್ದಾಣ, ಅಲ್ಲಿದ್ದವರ ಹೆಸರು ಬರೆದರೂ ಆಯಿತು. ಅದೇ ಬಿದ್ರಿಯ ಮಣ್ಣು. ಗೆಳೆಯ ಒಮ್ಮೆ ಫೋನು ಮುಟ್ಟಿದ್ದರೆ ವಾಟ್ಸಾಪಿನ ಲಿಂಕ್ಡ್ ಡಿವೈಸಸ್ ಮತ್ತು ಗೂಗಲ್‌ನ ಲೊಕೇಶನ್ ಶೇರಿಂಗ್ ತೆಗೆದು ನೋಡುವುದು ಒಳ್ಳೆಯದು. 78ನೇ ಕಲಮಿನಲ್ಲಿ ಮೊದಲ ಸಲದ ಅಪರಾಧಕ್ಕೆ ಗರಿಷ್ಠ ಮೂರು ವರ್ಷ ಶಿಕ್ಷೆ, ಅದು ಜಾಮೀನು ಸಿಗುವಂಥದ್ದು. ಅಂದರೆ ದೂರು ಕೊಟ್ಟ ಸಂಜೆಗೇ ಅವನು ಹೊರಗಿರಬಹುದು. ಆ ಸಂಜೆ ಅವಳು ಎಲ್ಲಿರುತ್ತಾಳೆ, ನಾಳೆಯ ಬಸ್ಸಿಗೆ ಯಾರ ಜೊತೆ ಬರುತ್ತಾಳೆ ಎಂಬುದನ್ನು ದೂರು ಬರೆಯುವ ಮೊದಲೇ ಕೂತು ಮಾತಾಡಿರಬೇಕು.

ನೆರವಿನ ಬಾಗಿಲುಗಳು ಇವು. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮನಸ್ಸಿನ ಸಂಕಟಕ್ಕೆ ಟೆಲಿ ಮನಸ್ 14416, ಕಾನೂನು ನೆರವಿಗೆ 15100. ವಕೀಲರ ನೆರವು ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ. ಗಂಡನ ಅಥವಾ ಮದುವೆಯಂಥ ಸಂಬಂಧದ ಹಿಂಸೆಯಾದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಸಂರಕ್ಷಣಾಧಿಕಾರಿ ಎಂದರೆ ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ). ಹೆಣ್ಣುಮಕ್ಕಳ ರಕ್ಷಣೆಗೆ ಬೀದರಿನಲ್ಲಿ ಮೊದಲು ಶುರುವಾದ ‘ಅಕ್ಕ ಪಡೆ’ಯನ್ನು 2025ರಲ್ಲಿ ರಾಜ್ಯ ಸರ್ಕಾರ ಬೇರೆ ಜಿಲ್ಲೆಗಳಿಗೂ ಒಯ್ಯಲು ಹೊರಟಿತು. ಪೊಲೀಸ್ ಠಾಣೆ ನಮ್ಮ ಸರಹದ್ದಲ್ಲ ಎಂದು ವಾಪಸು ಕಳಿಸುವಂತಿಲ್ಲ, ಘಟನೆ ಔರಾದಿನದಾದರೂ ಬೀದರಿನಲ್ಲಿ ದೂರು ದಾಖಲಿಸಬಹುದು.

ಮತ್ತೆ ಇಲಿಗಳ ಹತ್ತಿರ ಬರುತ್ತೇನೆ. ಇಲಿಗೆ ಬೇಕಿದ್ದುದು ‘ಈಗ ಭಯವಿಲ್ಲ’ ಎಂಬ ಒಂದು ಸೂಚನೆ. ಹುಡುಗಿಗೆ ಆ ಸೂಚನೆ ಮನುಷ್ಯರೇ ಆಗಬಹುದು. ನೀವು ಅವಳ ತರಗತಿಯವರಾಗಿದ್ದು, ಒಂದು ಸಂಜೆ ಅವಳು ‘ಬಸ್ ಸ್ಟ್ಯಾಂಡ್ ತನಕ ನನ್ ಜೋಡಿ ಬರ್ತಿ ಏನ’ ಎಂದು ಕೇಳಿದರೆ, ಕಾರಣ ಕೇಳಬೇಡಿ. ಚೀಲ ಎತ್ತಿಕೊಂಡು ಹೊರಡಿ. ಔರಾದ್ ಬಸ್ಸು ಹೊರಡುವ ತನಕ ಅಲ್ಲೇ ನಿಂತಿರಿ.